ಮೂರನೇ ದಿನ, ಹನ್ನೆರಡನೇ ದಿನ: ಸ್ತ್ರೀರೋಗ ಶಸ್ತ್ರಚಿಕಿತ್ಸೆ ಆದವರನ್ನು ಮನೆಗೆ ಕಳಿಸುವ ಮುನ್ನ

ಪ್ರಶ್ನೆ: ನಾನು ಸ್ತ್ರೀರೋಗ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಡಿಸ್ಚಾರ್ಜ್ ದಿನ ಎಲ್ಲರಿಗೂ ಸೂಚನೆಗಳ ಹಾಳೆ ಓದಿ ಹೇಳಿ, ಸಹಿ ಹಾಕಿಸಿಕೊಂಡು ಕಳಿಸುತ್ತೇವೆ. ಆದರೂ ಗರ್ಭಕೋಶ ತೆಗೆಸಿಕೊಂಡವರು ಎರಡನೇ ವಾರ ನಾಲ್ಕು ಹನಿ ರಕ್ತ ಕಂಡರೆ ಗಾಬರಿಯಿಂದ ಓಡಿ ಬರುತ್ತಾರೆ. ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಅದರ ಮೂಲಕ ಉಪಕರಣ ಹಾಕಿ ಮಾಡುವ ಶಸ್ತ್ರಚಿಕಿತ್ಸೆ) ಆದ ಮೇಲೆ ಹೊಟ್ಟೆನೋವು ಏರುತ್ತಾ ಹೋದವರು ಮಾತ್ರ ಎರಡು ದಿನ ಮನೆಯಲ್ಲೇ ಸಹಿಸಿಕೊಂಡಿದ್ದು ತಡವಾಗಿ ಬರುತ್ತಾರೆ. ಏನು ಹೇಳಬೇಕು, ಯಾವಾಗ ಹೇಳಬೇಕು, ಕಳಿಸುವ ಮುನ್ನ ಏನೇನು ನೋಡಿಕೊಳ್ಳಬೇಕು?

ಉತ್ತರ: ನೀವು ಹೇಳಿದ ಎರಡು ತೊಂದರೆಗಳ ಬೇರು ಒಂದೇ. ನಿಮ್ಮ ಹಾಳೆಯಲ್ಲಿ ಬಹುಶಃ ಊಟ, ಸ್ನಾನ, ಗಾಯ, ಮಾತ್ರೆ ಎಂದು ವಿಷಯವಾರು ವಿಂಗಡಣೆ ಇರುತ್ತದೆ. ಮನೆಗೆ ಹೋದವರು ಬದುಕುವುದು ವಿಷಯವಾರು ಅಲ್ಲ, ದಿನವಾರು. ಮೂರನೇ ದಿನ ಹೇಗಿರಬೇಕು, ಏಳನೇ ದಿನ ಹೇಗಿರಬೇಕು, ಹನ್ನೆರಡನೇ ದಿನ ಏನು ಕಂಡರೆ ಸಹಜ ಎಂಬುದು ಗೊತ್ತಿಲ್ಲದವರಿಗೆ ಸಹಜವಾದದ್ದೂ ಭಯ ಹುಟ್ಟಿಸುತ್ತದೆ, ಭಯಪಡಬೇಕಾದದ್ದೂ ಸಹಜವಾಗಿ ಕಾಣುತ್ತದೆ. ಆದ್ದರಿಂದ ಹಾಳೆಯನ್ನು ಪಂಚಾಂಗದ ಹಾಗೆ ದಿನದ ಲೆಕ್ಕದಲ್ಲಿ ಬರೆಯಿರಿ. ಕೆಳಗೆ ಹೇಳಿದ್ದರಲ್ಲಿ ಹೆಚ್ಚಿನದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ಹೊಂದುತ್ತದೆ. ಬೇರೆಯವಕ್ಕೆ ಬೇಕಾದ ಬದಲಾವಣೆಗಳನ್ನು ಕೊನೆಯ ಭಾಗದಲ್ಲಿ ಸೇರಿಸಿದ್ದೇನೆ.

ಮೊದಲು, ಯಾವಾಗ ಹೇಳಬೇಕು ಎಂಬುದು. ಡಿಸ್ಚಾರ್ಜ್ ದಿನ ಬೆಳಿಗ್ಗೆ ಹೇಳಿದ್ದು ನಿಲ್ಲುವುದಿಲ್ಲ. ಅರಿವಳಿಕೆ, ನೋವಿನ ಮಾತ್ರೆ, ನಿದ್ದೆಗೇಡು ಎಲ್ಲ ಸೇರಿ ನೆನಪಿನ ಶಕ್ತಿ ಮಂಕಾಗಿರುತ್ತದೆ. ಜತೆಗೆ ಆಕೆಯ ಮನಸ್ಸು ಆಗಲೇ ಮನೆ ಸೇರಿರುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗೆ ಬಂದಾಗಲೇ ಹಾಳೆ ಕೊಟ್ಟು ಮೊದಲ ಸುತ್ತು ಮುಗಿಸಿ. ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಮೊದಲ ರಾತ್ರಿ ಜತೆಗೆ ಮಲಗುವವರು ಯಾರು, ಪಾಯಿಖಾನೆ ಮೆಟ್ಟಿಲು ಹತ್ತಿ ಹೋಗಬೇಕೇ, ತುರ್ತಿಗೆ ವಾಹನ ಸಿಗುತ್ತದೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸೆಯ ಮರುದಿನ ಎರಡನೇ ಸುತ್ತು. ಡಿಸ್ಚಾರ್ಜ್ ದಿನ ಪರೀಕ್ಷೆ ಮಾತ್ರ, ಅದೂ ನೀವು ಹೇಳಿದ್ದು ನಿಂತಿದೆಯೇ ಎಂಬುದರ ಪರೀಕ್ಷೆ. "ಅರ್ಥವಾಯಿತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು "ಮನೆಗೆ ಹೋದ ಮೇಲೆ ಎಷ್ಟು ರಕ್ತ ಹೋದರೆ ನಮಗೆ ಫೋನ್ ಮಾಡುತ್ತೀರಿ? ನಾನು ಸರಿಯಾಗಿ ಹೇಳಿದ್ದೇನೋ ಇಲ್ಲವೋ ನೋಡಬೇಕು, ನೀವೇ ಒಮ್ಮೆ ಹೇಳಿ" ಎಂದು ಕೇಳಿ. ತಪ್ಪು ಹೇಳಿದರೆ ಅಷ್ಟನ್ನೇ ಮತ್ತೆ ಹೇಳಿ, ಮತ್ತೆ ಕೇಳಿ. ನೋಡಿಕೊಳ್ಳುವವರೂ ಅಲ್ಲಿರಲಿ, ಆದರೆ ಲೈಂಗಿಕ ಸಂಪರ್ಕದ ವಿಷಯವನ್ನು ಆಕೆಯೊಬ್ಬಳಿದ್ದಾಗ ಮಾತಾಡಿ.

ಇನ್ನು ಕಳಿಸಲು ಯೋಗ್ಯಳೇ ಎಂಬ ಪ್ರಶ್ನೆ. ಬಾಯಿಂದ ಆಹಾರ, ನೀರು ಒಳಗೆ ನಿಲ್ಲಬೇಕು. ನೋವು ಬರೀ ಮಾತ್ರೆಯಲ್ಲಿ ಹಿಡಿತಕ್ಕೆ ಬರಬೇಕು. ಎದ್ದು ಓಡಾಡಿದಾಗ ತಲೆ ಸುತ್ತಬಾರದು. ರಕ್ತಸ್ರಾವ ಪ್ಯಾಡಿನ ಮೇಲೆ ಕಲೆಯಷ್ಟೇ ಇರಬೇಕು, ಮೂತ್ರ ತಾನಾಗಿ ಹೋಗಬೇಕು. ಮಲ ವಿಸರ್ಜನೆ ಆಗಲೇಬೇಕೆಂದು ಕಾಯಬೇಕಿಲ್ಲ. ಹೊಟ್ಟೆ ಉಬ್ಬರವಿಲ್ಲದೆ, ವಾಂತಿಯಿಲ್ಲದೆ ಊಟ ಸೇರುತ್ತಿದ್ದರೆ ಸಾಕು. ಯೋನಿಯೊಳಗೆ ಬಟ್ಟೆಯ ಪ್ಯಾಕ್ ಇಟ್ಟಿದ್ದರೆ ತೆಗೆದದ್ದು ಕೇಸ್‌ಶೀಟಿನಲ್ಲಿ ದಾಖಲಾಗಿರಬೇಕು, ಎಷ್ಟು ಇಟ್ಟಿದ್ದರು, ಎಷ್ಟು ತೆಗೆದಿರಿ ಎಂಬ ಲೆಕ್ಕ ಸಮೇತ. ಒಳಗೆ ಉಳಿದ ಪ್ಯಾಕ್ ಕೆಲವು ದಿನ ಕಳೆದ ಮೇಲೆ ದುರ್ನಾತದ ಸ್ರಾವವಾಗಿ, ಜ್ವರವಾಗಿ ಹೊರಗೆ ಕಾಣಿಸಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ನಾಡಿಯ ಮೇಲೆ ಕಣ್ಣಿಡಿ. ಜ್ವರವಿಲ್ಲ, ಬಿ.ಪಿ. ಸರಿಯಿದೆ, ಆದರೆ ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 100 ದಾಟಿಯೇ ಇದೆ ಎಂದರೆ ಅದನ್ನು ನೋವು, ಭಯ ಎಂದು ಬರೆದು ಕಳಿಸಬೇಡಿ. ಒಳಗಿನ ರಕ್ತಸ್ರಾವ, ಕರುಳಿನ ಗಾಯ, ಶ್ವಾಸಕೋಶಕ್ಕೆ ಸಿಕ್ಕಿಕೊಂಡ ರಕ್ತದ ಹೆಪ್ಪು ಮೂರರಲ್ಲೂ ಬಹಳ ಸಲ ಮೊದಲು ಬದಲಾಗುವುದು ನಾಡಿಯೇ. ನೋವು ಇಳಿಸಿ, ನೀರು ಕುಡಿಸಿ, ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ. ಇಳಿಯದಿದ್ದರೆ ವೈದ್ಯರು ಬಂದು ನೋಡುವವರೆಗೆ ಆಕೆ ಹಾಸಿಗೆಯಲ್ಲೇ ಇರಲಿ.

ಮೂತ್ರದ ವಿಷಯದಲ್ಲಿ ಆತುರ ಬೇಡ. ಅರಿವಳಿಕೆ, ಮಾರ್ಫಿನ್ ಜಾತಿಯ ಔಷಧಿ, ಸುತ್ತಲಿನ ಊತ, ನೋವಿನ ಹೆದರಿಕೆ ಎಲ್ಲವೂ ಮೂತ್ರಕೋಶವನ್ನು ಕಟ್ಟಿಹಾಕುತ್ತವೆ. ಗರ್ಭಕೋಶ ಜಾರಿದ್ದಕ್ಕೆ ಯೋನಿಯ ಮುಂಗೋಡೆ ಹೊಲಿದವರಲ್ಲಿ, ಮೂತ್ರ ಸೋರದಂತೆ ಸ್ಲಿಂಗ್ (ಆಧಾರದ ಪಟ್ಟಿ) ಹಾಕಿಸಿಕೊಂಡವರಲ್ಲಿ ಇದು ಇನ್ನೂ ಹೆಚ್ಚು. "ಮೂತ್ರ ಹೋಯಿತಾ?" ಎಂದು ಕೇಳಿ "ಹೋಯಿತು" ಎಂಬ ಉತ್ತರಕ್ಕೆ ಗೀಟು ಹಾಕಿದರೆ ಸಾಲದು. ತುಂಬಿದ ಮೂತ್ರಕೋಶ ಉಕ್ಕಿ ಹರಿಯುವಾಗಲೂ 50 ಮಿ.ಲೀ., 60 ಮಿ.ಲೀ. ಎಂದು ಪದೇಪದೇ ಹೋಗುತ್ತಲೇ ಇರುತ್ತದೆ. ಅಳೆಯಬೇಕು.

ಅಳೆಯುವ ನೆಟ್ಟಗಿನ ಕ್ರಮ ಹೀಗಿದೆ. ಮೂತ್ರಕೋಶ ಪೂರ್ತಿ ಖಾಲಿಯಾದ ಮೇಲೆ ಕ್ಯಾಥೆಟರ್ (ಮೂತ್ರಕೋಶಕ್ಕೆ ಹಾಕಿದ ಕೊಳವೆ) ಮೂಲಕವೇ 300 ಮಿ.ಲೀ. ಸ್ಟೆರೈಲ್ ಸಲೈನನ್ನು (ಸೋಂಕುರಹಿತ ಉಪ್ಪುನೀರು) ನಿಧಾನವಾಗಿ ಒಳಗೆ ಬಿಡಿ. ಅದಕ್ಕೆ ಮೊದಲೇ ತಡೆಯಲಾರೆ ಎಂದರೆ ಅಲ್ಲಿಗೇ ನಿಲ್ಲಿಸಿ, ಎಷ್ಟು ಹೋಯಿತೆಂದು ಬರೆದುಕೊಳ್ಳಿ. ಕ್ಯಾಥೆಟರ್ ತೆಗೆದು, ಅಳತೆಯ ಪಾತ್ರೆ ಇಟ್ಟು, ಅರ್ಧ ಗಂಟೆಯೊಳಗೆ ಮೂತ್ರ ಮಾಡಲು ಹೇಳಿ. ಒಳಗೆ ಬಿಟ್ಟಿದ್ದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 300ಕ್ಕೆ 200 ಮಿ.ಲೀ. ಹೊರಗೆ ಬಂದರೆ ಪಾಸು. ಸಲೈನ್ ತುಂಬದೆ ಕ್ಯಾಥೆಟರ್ ತೆಗೆದು ಕಾಯುವ ಪದ್ಧತಿ ನಿಮ್ಮಲ್ಲಿದ್ದರೆ, ಆರು ಗಂಟೆಯೊಳಗೆ ಮೂತ್ರ ಹೋಗಬೇಕು, ಹೋದ ಮೇಲೆ ಸ್ಕ್ಯಾನಿನಲ್ಲಿ ಉಳಿದದ್ದು 150 ಮಿ.ಲೀ.ಗಿಂತ ಕಡಿಮೆಯಿರಬೇಕು. ಆರು ಗಂಟೆ ಕಳೆದರೂ ಹೋಗದಿದ್ದರೆ "ಇನ್ನೊಂದು ಲೋಟ ನೀರು ಕುಡಿಯಿರಿ" ಎನ್ನುವುದು ದೊಡ್ಡ ತಪ್ಪು. ಅರ್ಧ ಲೀಟರಿಗಿಂತ ಹೆಚ್ಚು ತುಂಬಿ ಹಿಗ್ಗಿದ ಮೂತ್ರಕೋಶದ ಸ್ನಾಯು ಸೋಲುತ್ತದೆ. ಒಂದು ರಾತ್ರಿಯ ನಿರ್ಲಕ್ಷ್ಯಕ್ಕೆ ವಾರಗಟ್ಟಲೆ ಕ್ಯಾಥೆಟರ್ ಹಾಕಿಕೊಂಡಿರಬೇಕಾಗಬಹುದು.

ಪರೀಕ್ಷೆಯಲ್ಲಿ ಸೋತವರು ಆಸ್ಪತ್ರೆಯಲ್ಲೇ ಕೊಳೆಯಬೇಕಿಲ್ಲ, ಕ್ಯಾಥೆಟರ್ ಸಮೇತ ಮನೆಗೆ ಹೋಗಬಹುದು. ಊತ ಇಳಿದ ಮೇಲೆ, ಸಾಮಾನ್ಯವಾಗಿ ಎರಡು ದಿನದಿಂದ ಒಂದು ವಾರದೊಳಗೆ, ಮತ್ತೆ ಅದೇ ಪರೀಕ್ಷೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಮುಕ್ಕಾಲು ತುಂಬುವ ಮುನ್ನವೇ ಖಾಲಿ ಮಾಡಬೇಕು. ಚೀಲ ಬದಲಿಸುವುದನ್ನೂ ಖಾಲಿ ಮಾಡುವುದನ್ನೂ ಆಕೆಯ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ. ಮೂರ್ನಾಲ್ಕು ಗಂಟೆ ಚೀಲಕ್ಕೆ ಏನೂ ಬರದೆ ಕಿಬ್ಬೊಟ್ಟೆ ಬಿಗಿದರೆ ಮೊದಲು ಕೊಳವೆ ಮಡಚಿದೆಯೇ ನೋಡಲಿ, ಇಲ್ಲದಿದ್ದರೆ ಹೊರಟು ಬರಲಿ. ತೆಗೆಯುವ ದಿನಾಂಕವನ್ನು ಹಾಳೆಯ ನೆತ್ತಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಯಿರಿ. ತೆಗೆಸಿಕೊಳ್ಳಲು ಮರೆತುಹೋದ ಕ್ಯಾಥೆಟರ್ ತಂದಿಡುವ ಸೋಂಕು ಸಣ್ಣದಲ್ಲ.

ನೋವಿಗೆ ಬರೋಣ. "ನೋವು ಬಂದರೆ ತೆಗೆದುಕೊಳ್ಳಿ" ಎಂದು ಬರೆದರೆ, ನೋವು ತಾರಕಕ್ಕೆ ಏರುವವರೆಗೆ ತಡೆದುಕೊಂಡು, ಆಮೇಲೆ ಮಾತ್ರೆ ನುಂಗಿ, ಕೆಲಸ ಮಾಡಲಿಲ್ಲವೆಂದು ಇನ್ನೊಂದು ನುಂಗುತ್ತಾರೆ. ಮೊದಲ ಮೂರು ದಿನ ನೋವು ಇರಲಿ ಬಿಡಲಿ, ಗಡಿಯಾರ ನೋಡಿ ತೆಗೆದುಕೊಳ್ಳಬೇಕು. 50 ಕಿಲೋಗಿಂತ ಹೆಚ್ಚು ತೂಕವಿದ್ದು ಯಕೃತ್ತು ಸರಿಯಿರುವವರಿಗೆ ಪ್ಯಾರಾಸಿಟಮಾಲ್ 1 ಗ್ರಾಂ, ಆರು ಗಂಟೆಗೊಮ್ಮೆ. 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಅದಕ್ಕಿಂತ ಕಡಿಮೆ ತೂಕದವರಿಗೆ ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ. ಇದರ ಜತೆಗೆ ಐಬುಪ್ರೊಫೆನ್ 400 ಮಿ.ಗ್ರಾಂ ಎಂಟು ಗಂಟೆಗೊಮ್ಮೆ, ಊಟವಾದ ಮೇಲೆ. ಇವೆರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಸೇರಿದಾಗ ಪರಿಣಾಮ ಹೆಚ್ಚು, ಮಾರ್ಫಿನ್ ಜಾತಿಯ ಮಾತ್ರೆಯ ಅಗತ್ಯ ಕಡಿಮೆ. ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು, ನೋವಿನ ಮಾತ್ರೆಗೆ ಕೆರಳುವ ಅಸ್ತಮಾ, ರಕ್ತ ತೆಳು ಮಾಡುವ ಔಷಧಿ ಇದ್ದವರಿಗೆ ಐಬುಪ್ರೊಫೆನ್ ಕೊಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಇಲ್ಲಿ ಎಡವುವ ಜಾಗ ಒಂದಿದೆ. ಟ್ರಮಡಾಲ್ (ಮಾರ್ಫಿನ್ ಜಾತಿಯ ನೋವಿನ ಔಷಧಿ) ಎಂದು ಬರೆದುಕೊಟ್ಟ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲೂ ಸೇರಿರುತ್ತದೆ. ನೆಗಡಿ, ಜ್ವರದ ಮಾತ್ರೆಗಳಲ್ಲೂ ಅಷ್ಟೇ. ಆಕೆ ಎರಡನ್ನೂ ನುಂಗಿದರೆ ಗೊತ್ತಿಲ್ಲದೆಯೇ ಮಿತಿ ದಾಟುತ್ತದೆ. ಔಷಧಿಯ ಪಟ್ಟಿಯನ್ನು ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 12 ಎಂಬಂತೆ ಹೊತ್ತಿಗೊಂದು ಮನೆ (ಚೌಕ) ಮಾಡಿ, ಪ್ರತಿ ಮನೆಯಲ್ಲಿ ಮಾತ್ರೆಯ ಹೆಸರು ಬರೆದುಕೊಡಿ. ಎರಡು ಕಡೆ ಒಂದೇ ಔಷಧಿ ಇದ್ದರೆ ಬರೆಯುವಾಗಲೇ ಸಿಕ್ಕಿಬೀಳುತ್ತದೆ.

ಲ್ಯಾಪರೊಸ್ಕೋಪಿ ಆದವರಿಗೆ ಹೆಗಲು ನೋವಿನ ಬಗ್ಗೆ ಮೊದಲೇ ಹೇಳಿ. ಹೊಟ್ಟೆ ಉಬ್ಬಿಸಲು ಬಳಸಿದ ಕಾರ್ಬನ್ ಡೈಆಕ್ಸೈಡ್ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪದರ) ಕೆಳಗೆ ಉಳಿದು ಅದನ್ನು ಕೆಣಕುತ್ತದೆ. ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ, ಹಾಗಾಗಿ ನೋವು ಹೆಗಲಲ್ಲಿ ಕಾಣುತ್ತದೆ. ಎದ್ದು ಕೂತಾಗ ಹೆಚ್ಚು, ಮಲಗಿದಾಗ ಕಡಿಮೆ, ಎರಡು ಮೂರು ದಿನದಲ್ಲಿ ಮಾಯ. ಆದರೆ ಎದೆ ಬಿಗಿತ, ಉಸಿರಾಟದ ತೊಂದರೆ ಜತೆಗೂಡಿದರೆ ಅದು ಗ್ಯಾಸ್ ಅಲ್ಲ.

ಈಗ ನಿಮ್ಮ ಎರಡನೇ ಚಿಂತೆ, ತಡವಾಗಿ ಬಂದವರದು. ಲ್ಯಾಪರೊಸ್ಕೋಪಿ ಆದವರಿಗೆ ಒಂದೇ ಒಂದು ವಾಕ್ಯ ಹೇಳಲು ಅವಕಾಶವಿದ್ದರೆ ಇದನ್ನು ಹೇಳಿ: "ನಿನ್ನೆಗಿಂತ ಇವತ್ತು ಹಗುರವಾಗಿರಬೇಕು. ನಿನ್ನೆಗಿಂತ ಇವತ್ತು ಕೆಟ್ಟದಾಗಿದ್ದರೆ ಕಾಯಬೇಡಿ, ಬನ್ನಿ." ಹೊಟ್ಟೆ ಕೊಯ್ದವರಲ್ಲಿ ನೋವು ಮೆಲ್ಲಗೆ ಇಳಿಯುತ್ತದೆ, ಏರಿಳಿತವೂ ಇರುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ಇಳಿಮುಖ ಸ್ಪಷ್ಟವಾಗಿರಬೇಕು. ಶಸ್ತ್ರಚಿಕಿತ್ಸೆಯ ವಿದ್ಯುತ್ ಉಪಕರಣದ ಶಾಖ ತಗುಲಿ ಬೆಂದ ಕರುಳಿನ ಗೋಡೆ ಆ ದಿನವೇ ತೂತಾಗುವುದಿಲ್ಲ. ಸತ್ತ ಭಾಗ ಕಳಚಿ ಬೀಳಲು ಹಲವು ದಿನ ಹಿಡಿಯುತ್ತದೆ, ಆಗ ಆಕೆ ಮನೆಯಲ್ಲಿರುತ್ತಾಳೆ. ಲಕ್ಷಣಗಳೂ ಪಠ್ಯಪುಸ್ತಕದ ಹಾಗೆ ಇರುವುದಿಲ್ಲ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗದೇ ಇರಬಹುದು. ಉಪಕರಣ ಹಾಕಲು ಹೊಟ್ಟೆಗೆ ಮಾಡಿದ ಒಂದು ತೂತಿನ ಜಾಗದಲ್ಲಿ ಮಾತ್ರ ಹೆಚ್ಚುವ ನೋವು, ಉಬ್ಬರ, ಊಟದ ಮೇಲೆ ಜಿಗುಪ್ಸೆ, ಸಣ್ಣ ಜ್ವರ, ಕೆಲವೊಮ್ಮೆ ಭೇದಿ. ಇದನ್ನೇ ಫೋನಿನಲ್ಲಿ ಕೇಳಿದವರು "ಗ್ಯಾಸ್ ಇರಬೇಕು, ಓಡಾಡಿ" ಎಂದುಬಿಡುತ್ತಾರೆ. ಫೋನ್ ಎತ್ತುವವರಿಗೂ ಒಂದು ನಿಯಮ ಬೇಕು: ಲ್ಯಾಪರೊಸ್ಕೋಪಿ ಆಗಿ ಎರಡು ವಾರದೊಳಗೆ ನೋವು ಏರುತ್ತಿದೆ ಎಂದರೆ ಫೋನಿನಲ್ಲಿ ಔಷಧಿ ಹೇಳಬಾರದು, ಕರೆಸಿ ನೋಡಬೇಕು. ವಾಂತಿ ನಿಲ್ಲುತ್ತಿಲ್ಲ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ ನಡುಕ, ಈ ಮೂರಕ್ಕೂ ಇದೇ ನಿಯಮ.

ಮಲಬದ್ಧತೆ ಬಂದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಬಾರದ ಹಾಗೆ ನೋಡಿಕೊಳ್ಳುವುದು ಸುಲಭ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ, ಒಂದು ದೊಡ್ಡ ಲೋಟ (ಸುಮಾರು 240 ಮಿ.ಲೀ.) ನೀರಿನಲ್ಲಿ ದಿನಕ್ಕೊಮ್ಮೆ, ಮನೆಗೆ ಹೋದ ದಿನದಿಂದಲೇ, ಅಥವಾ ಲ್ಯಾಕ್ಟುಲೋಸ್ 15 ಮಿ.ಲೀ. ದಿನಕ್ಕೆರಡು ಸಲ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು ಎಂದು ಹೇಳದಿದ್ದರೆ, ಮೊದಲ ದಿನವೇ ಫಲ ಕಾಣಲಿಲ್ಲವೆಂದು ಬಿಟ್ಟುಬಿಡುತ್ತಾರೆ. ಮೂರನೇ ದಿನಕ್ಕೂ ಆಗದಿದ್ದರೆ ರಾತ್ರಿ ಬಿಸಾಕೊಡಿಲ್ 5 ರಿಂದ 10 ಮಿ.ಗ್ರಾಂ ಸೇರಿಸಬಹುದು, ಬೆಳಿಗ್ಗೆಗೆ ಕೆಲಸ ಮಾಡುತ್ತದೆ. ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ ಭೇದಿಮಾತ್ರೆ ಮುಟ್ಟಬಾರದು. ಯೋನಿಯ ಹಿಂಗೋಡೆ ಹೊಲಿದವರಿಗೆ ಎನಿಮಾ ಕೊಡುವ ಮುನ್ನ ಶಸ್ತ್ರಚಿಕಿತ್ಸಕರನ್ನು ಕೇಳಿ.

ರಕ್ತಸ್ರಾವದ ಲೆಕ್ಕವನ್ನು ಪ್ಯಾಡಿನಲ್ಲೇ ಹೇಳಬೇಕು. "ಹೆಚ್ಚು ರಕ್ತ ಹೋದರೆ" ಎಂಬ ಮಾತು ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಗರ್ಭಕೋಶ ತೆಗೆದ ಮೊದಲ ವಾರ ಕೆಂಪು-ಕಂದು ಸ್ರಾವ, ಮುಟ್ಟಿನ ಕೊನೆಯ ದಿನಗಳಷ್ಟು. ನಂತರ ಕಂದು, ಹಳದಿ ಮಿಶ್ರಿತ ಸ್ರಾವವಾಗಿ ನಾಲ್ಕರಿಂದ ಆರು ವಾರ ಬಂದು ನಿಲ್ಲುತ್ತದೆ. ನಡುವೆ, ಎರಡನೇ ವಾರದ ಆಸುಪಾಸು, ಯೋನಿಯ ಮೇಲ್ತುದಿಯ ಹೊಲಿಗೆ ಕರಗಲು ಶುರುವಾದಾಗ ಒಂದೆರಡು ದಿನ ಹೊಸ ಕೆಂಪು ರಕ್ತ ಸ್ವಲ್ಪ ಕಾಣಬಹುದು, ದಾರದ ತುಣುಕೂ ಬರಬಹುದು. ನಿಮ್ಮಲ್ಲಿಗೆ ಓಡಿ ಬರುವವರು ಇವರೇ. "ಹನ್ನೆರಡನೇ ದಿನದ ಸುಮಾರಿಗೆ ಹೀಗಾಗಬಹುದು" ಎಂದು ಮೊದಲೇ ಹೇಳಿದ್ದರೆ ಅರ್ಧಕ್ಕರ್ಧ ಜನ ಮನೆಯಲ್ಲೇ ನಿಶ್ಚಿಂತೆಯಿಂದ ಇರುತ್ತಿದ್ದರು.

ಆದರೆ ಹನ್ನೆರಡನೇ ದಿನದ ರಕ್ತವೆಲ್ಲ ಹೊಲಿಗೆ ಕರಗಿದ್ದೇ ಎಂದು ನೀವೂ ನಂಬಬೇಡಿ. ಹೊಲಿಗೆಯ ಮೇಲೆ ಹೆಪ್ಪುಗಟ್ಟಿದ ರಕ್ತಕ್ಕೆ ಸೋಂಕು ತಗುಲಿ, ರಕ್ತನಾಳ ಬಾಯಿ ಬಿಟ್ಟು ಜೋರಾಗಿ ಹರಿಯುವುದೂ ಇದೇ ಏಳರಿಂದ ಹದಿನಾಲ್ಕನೇ ದಿನದ ನಡುವೆಯೇ. ಎರಡನ್ನೂ ಬೇರ್ಪಡಿಸುವುದು ಪ್ರಮಾಣ, ವಾಸನೆ, ಜ್ವರ. ದೊಡ್ಡ ಪ್ಯಾಡ್ ಒಂದು ಗಂಟೆಯಲ್ಲಿ ಪೂರ್ತಿ ನೆನೆದು, ಎರಡನೇ ಗಂಟೆಯೂ ಹಾಗೇ ಆದರೆ ತಡಮಾಡದೆ ಹೊರಡಬೇಕು. ಗಡ್ಡೆಗಡ್ಡೆಯಾಗಿ ಹೋಗುತ್ತಿದ್ದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ಎರಡನೇ ಗಂಟೆಗೂ ಕಾಯಬಾರದು. ರಕ್ತ ಕಡಿಮೆಯಿದ್ದರೂ ದುರ್ನಾತ, ಕಿಬ್ಬೊಟ್ಟೆಯ ಭಾರ, ಜ್ವರ ಇದ್ದರೆ ಅದೇ ದಿನ ತೋರಿಸಬೇಕು.

ಸ್ರಾವ ರಕ್ತವಲ್ಲ, ನೀರು ಎಂದರೆ ಕಿವಿ ನಿಮಿರಬೇಕು. ನೀರಿನಂಥದ್ದು ಸದಾ ಸೋರುತ್ತಿದ್ದು, ರಾತ್ರಿಯೂ ಬಟ್ಟೆ ಒದ್ದೆಯಾಗುತ್ತಿದ್ದರೆ ಮೂತ್ರಕೋಶಕ್ಕೋ ಮೂತ್ರನಾಳಕ್ಕೋ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳ) ಆದ ಗಾಯ ಯೋನಿಗೆ ತೆರೆದುಕೊಂಡಿರಬಹುದು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇದು ತೋರುತ್ತದೆ. ನಾಚಿಕೆಯಿಂದ ಹೇಳದೆ ಪ್ಯಾಡ್ ಇಟ್ಟುಕೊಂಡು ತಿರುಗುವವರೇ ಹೆಚ್ಚು. ಒಂದು ಬದಿಯ ಸೊಂಟದ ಮೇಲ್ಭಾಗದ ನೋವು, ಜ್ವರ ಇದ್ದರೆ ಮೂತ್ರನಾಳ ಕಟ್ಟಿಕೊಂಡಿದೆಯೇ ನೋಡಬೇಕು.

ಯೋನಿಯ ಮೇಲ್ತುದಿಯ ಹೊಲಿಗೆ ಬಿಟ್ಟುಕೊಳ್ಳುವುದು ಅಪರೂಪ, ನೂರಕ್ಕೆ ಒಂದಕ್ಕಿಂತ ಕಡಿಮೆ. ಲ್ಯಾಪರೊಸ್ಕೋಪಿಯಲ್ಲಿ ಗರ್ಭಕೋಶ ತೆಗೆದವರಲ್ಲಿ ಸ್ವಲ್ಪ ಹೆಚ್ಚು. ವಾರಗಳಿಂದ ಕೆಲವು ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು, ಬಹಳ ಸಲ ಮೊದಲ ಲೈಂಗಿಕ ಸಂಪರ್ಕದ ನಂತರ. ಹಠಾತ್ತನೆ ನೀರು ಅಥವಾ ರಕ್ತ ಸುರಿದು, ಕೆಳಗೆ ಏನೋ ಜಾರಿ ಬಂದಂತೆ ಅನಿಸುತ್ತದೆ. ಹಾಗಾದರೆ ಮಲಗಬೇಕು, ಹೊರಬಂದದ್ದನ್ನು ಒಳಗೆ ತಳ್ಳಬಾರದು, ಶುದ್ಧ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಮುಚ್ಚಬೇಕು, ಏನೂ ತಿನ್ನದೆ ಕುಡಿಯದೆ ಆಂಬುಲೆನ್ಸಿನಲ್ಲಿ ಬರಬೇಕು. ಇದಕ್ಕಾಗಿಯೇ ಯೋನಿಯೊಳಗೆ ಏನೂ ಹೋಗಕೂಡದು ಎಂಬ ನಿಯಮ: ಸಂಪರ್ಕ, ಟ್ಯಾಂಪೂನ್, ಒಳಗೆ ನೀರು ಹಾಕಿ ತೊಳೆಯುವುದು ಎಲ್ಲವೂ. ಅವಧಿ ಕನಿಷ್ಠ ಆರರಿಂದ ಎಂಟು ವಾರ. ಲ್ಯಾಪರೊಸ್ಕೋಪಿ ಆದವರಿಗೆ ಹಲವು ಶಸ್ತ್ರಚಿಕಿತ್ಸಕರು ಹನ್ನೆರಡು ವಾರ ಹೇಳುತ್ತಾರೆ. ಅವಧಿ ಮುಗಿಯಿತೆಂದು ತಾವೇ ಲೆಕ್ಕ ಹಾಕಿಕೊಳ್ಳುವುದಲ್ಲ, ಪರೀಕ್ಷಿಸಿ ಹೊಲಿಗೆ ಕೂಡಿದೆ ಎಂದ ಮೇಲೆ.

ಗಾಯದ ಆರೈಕೆ ಎಲ್ಲರಿಗೂ ಗೊತ್ತಿರುವುದೇ: 48 ಗಂಟೆ ಕಳೆದ ಮೇಲೆ ಡ್ರೆಸಿಂಗ್ ತೆಗೆದು ಸ್ನಾನ ಮಾಡಬಹುದು, ಉಜ್ಜದೆ ಒತ್ತಿ ಒರೆಸಬೇಕು, ಪುಡಿ, ಮುಲಾಮು ಬೇಡ. ಹೊಟ್ಟೆಯ ಮಡಿಕೆಯೊಳಗೆ ಗಾಯ ಅಡಗಿದ್ದರೆ ದಿನಕ್ಕೆರಡು ಸಲ ಒಣಗಿಸಿ, ಒಣಬಟ್ಟೆಯ ಪದರ ಇಡಬೇಕು. ಸೋಂಕು ಕಾಣಿಸುವುದು ಹೆಚ್ಚಾಗಿ ಐದರಿಂದ ಹತ್ತನೇ ದಿನ. ಹರಡುವ ಕೆಂಪು, ಬಿಸಿ, ಕೀವು. ಅದೇ ಅವಧಿಯಲ್ಲಿ, ಹೊಟ್ಟೆ ಕೊಯ್ದವರಲ್ಲಿ, ಗಾಯದಿಂದ ಇದ್ದಕ್ಕಿದ್ದಂತೆ ತೆಳು ಗುಲಾಬಿ ನೀರು ಹರಿದು ಡ್ರೆಸಿಂಗ್ ತೊಯ್ದರೆ ಒಳಪದರದ ಹೊಲಿಗೆ ಬಿಟ್ಟಿದೆ ಎಂದೇ ತಿಳಿಯಬೇಕು. ನೋವಿಲ್ಲದ್ದರಿಂದ ಇದನ್ನು ಹಗುರವಾಗಿ ಕಾಣುವವರಿದ್ದಾರೆ.

ರಕ್ತ ಹೆಪ್ಪುಗಟ್ಟುವ ಅಪಾಯ ಆಸ್ಪತ್ರೆಯ ಬಾಗಿಲಿಗೇ ಮುಗಿಯುವುದಿಲ್ಲ, ವಾರಗಟ್ಟಲೆ ಇರುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ ಉಸಿರುಗಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು ತುರ್ತು. ಕ್ಯಾನ್ಸರಿಗೆ ಹೊಟ್ಟೆ ಕೊಯ್ದು ಶಸ್ತ್ರಚಿಕಿತ್ಸೆ ಆದವರಿಗೆ ಎನಾಕ್ಸಾಪರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು) 40 ಮಿ.ಗ್ರಾಂ ದಿನಕ್ಕೊಮ್ಮೆ, 28 ದಿನದವರೆಗೆ ಬರೆಯುವುದು ರೂಢಿ. ಮೂತ್ರಪಿಂಡದ ತೊಂದರೆ, ತೂಕ ನೋಡಿ ಪ್ರಮಾಣ ಬದಲಾಗುತ್ತದೆ. ಚುಚ್ಚುವುದನ್ನು ಆಕೆಗೋ ಮನೆಯವರಿಗೋ ವಾರ್ಡಿನಲ್ಲಿ ಎರಡು ಸಲವಾದರೂ ಮಾಡಿಸಿ. ಹೊಕ್ಕುಳಿನಿಂದ 5 ಸೆಂ.ಮೀ. ಆಚೆ, ಗಾಯದಿಂದ ದೂರ, ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ಚರ್ಮದ ಮಡಿಕೆ ಹಿಡಿದು ಸೂಜಿಯನ್ನು ನೇರವಾಗಿ ಪೂರ್ತಿ ಚುಚ್ಚಿ, ಔಷಧಿ ಮುಗಿಯುವವರೆಗೆ ಮಡಿಕೆ ಬಿಡಬಾರದು. ಮೊದಲೇ ತುಂಬಿ ಬರುವ 40 ಮಿ.ಗ್ರಾಂ ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಹಾಕಬಾರದು, ಹಾಕಿದರೆ ಔಷಧಿಯೂ ಸ್ವಲ್ಪ ಹೋಗುತ್ತದೆ. ಚುಚ್ಚಿದ ಜಾಗ ತಿಕ್ಕಬಾರದು, ತಿಕ್ಕಿದರೆ ನೀಲಿಗಟ್ಟುತ್ತದೆ. ಸೂಜಿ ಹಾಕಲು ಗಟ್ಟಿ ಡಬ್ಬಿಯನ್ನೂ ಕೊಟ್ಟೇ ಕಳಿಸಿ.

ಭಾರ ಎತ್ತುವ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಆರು ವಾರ 5 ಕಿಲೋ ಮೀರಬಾರದು ಎಂಬ ಗೆರೆ ರೂಢಿಯಿಂದ ಬಂದದ್ದು, ಅದರ ಹಿಂದೆ ಗಟ್ಟಿ ಪುರಾವೆ ಕಡಿಮೆ. ಕೆಮ್ಮಿದಾಗ, ತಗ್ಗು ಕುರ್ಚಿಯಿಂದ ಎದ್ದಾಗ ಹೊಟ್ಟೆಯೊಳಗೆ ಏರುವ ಒತ್ತಡ ಸಣ್ಣ ಭಾರ ಎತ್ತಿದ್ದಕ್ಕಿಂತ ಕಡಿಮೆಯೇನಲ್ಲ. ಹೊಟ್ಟೆ ಕೊಯ್ದವರಿಗೆ, ಜಾರಿದ್ದನ್ನು ಹೊಲಿದವರಿಗೆ ಆ ಗೆರೆಯನ್ನು ನಾನೂ ಇಟ್ಟುಕೊಳ್ಳುತ್ತೇನೆ, ನಷ್ಟವೇನಿಲ್ಲ. ಆದರೆ ಅದನ್ನೇ ಹೇಳಿಹೇಳಿ ಹಾಸಿಗೆ ಹಿಡಿಸಬೇಡಿ. ಹೆಪ್ಪುಗಟ್ಟುವುದು, ಮಲಬದ್ಧತೆ, ಕಫ ಕಟ್ಟುವುದು ಎಲ್ಲವೂ ಮಲಗಿದವರಿಗೇ. ಮೊದಲ ದಿನದಿಂದಲೇ ಐದು ಹತ್ತು ನಿಮಿಷದ ನಡಿಗೆ ದಿನಕ್ಕೆ ನಾಲ್ಕೈದು ಸಲ, ದಿನದಿನಕ್ಕೆ ಹೆಚ್ಚಿಸುತ್ತಾ. ಮೆಟ್ಟಿಲು ಹತ್ತಬಹುದು. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಮೊಣಕೈ ಊರಿ ಏಳುವುದನ್ನೂ, ಕೆಮ್ಮುವಾಗ ದಿಂಬು ಒತ್ತಿ ಹಿಡಿಯುವುದನ್ನೂ ವಾರ್ಡಿನಲ್ಲೇ ಕಲಿಸಿ. ಅರಿವಳಿಕೆಯ ನಂತರ 24 ಗಂಟೆ ವಾಹನ ಓಡಿಸಬಾರದು, ಮುಖ್ಯ ಪತ್ರಗಳಿಗೆ ಸಹಿ ಹಾಕಬಾರದು. ಆಮೇಲೂ ಟ್ರಮಡಾಲ್ ನಿಂತು, ಬ್ರೇಕನ್ನು ನೋವಿಲ್ಲದೆ ಜೋರಾಗಿ ಒತ್ತಲು ಬರುವವರೆಗೆ ಓಡಿಸಕೂಡದು.

ಬೇರೆ ಶಸ್ತ್ರಚಿಕಿತ್ಸೆಗಳಿಗೆ ಹಾಳೆ ಬೇರೆಯೇ ಇರಲಿ. ಹಿಸ್ಟರೊಸ್ಕೋಪಿ (ಗರ್ಭಕೋಶದೊಳಗೆ ದರ್ಶಕ ಹಾಕಿ ನೋಡುವುದು), ಗರ್ಭಕೋಶ ಕೆರೆದು ಸ್ವಚ್ಛ ಮಾಡಿದವರಿಗೆ ಕೆಲವು ದಿನದ ಸ್ರಾವ ಬಿಟ್ಟರೆ ನಿರ್ಬಂಧ ಅಲ್ಪ. ನಾರುಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸಿದ್ದರೆ, ಮತ್ತೆ ಗರ್ಭ ಧರಿಸಲು ಎಷ್ಟು ತಿಂಗಳು ಕಾಯಬೇಕು (ಸಾಮಾನ್ಯವಾಗಿ ಮೂರರಿಂದ ಆರು), ಗರ್ಭಕೋಶದ ಒಳಕುಹರ ತೆರೆದಿತ್ತೇ, ಮುಂದೆ ಹೆರಿಗೆ ಹೇಗೆ ಎಂಬುದು ಡಿಸ್ಚಾರ್ಜ್ ಪತ್ರದಲ್ಲಿ ಬರೆದಿರಲೇಬೇಕು. ಐದು ವರ್ಷದ ಮೇಲೆ ಹೆರಿಗೆ ಮಾಡಿಸುವವರು ಹುಡುಕುವುದು ಆ ಸಾಲನ್ನೇ. ಅಂಡನಾಳದಲ್ಲಿ ಕೂತ ಗರ್ಭಕ್ಕೆ ನಾಳ ಉಳಿಸಿ ಶಸ್ತ್ರಚಿಕಿತ್ಸೆ ಮಾಡಿದ್ದರೆ ರಕ್ತದ ಎಚ್‌ಸಿಜಿ (ಗರ್ಭದ ಹಾರ್ಮೋನು) ಪೂರ್ತಿ ಇಳಿಯುವವರೆಗೆ ವಾರಕ್ಕೊಮ್ಮೆ ಪರೀಕ್ಷೆ ತಪ್ಪಿಸಬಾರದು. ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇದ್ದರೆ ಆಂಟಿ-ಡಿ ಚುಚ್ಚುಮದ್ದು 72 ಗಂಟೆಯೊಳಗೆ ಆಗಿದೆಯೇ ನೋಡಿಯೇ ಕಳಿಸಿ. ಮುಂದಿನ ಸಲ ಗರ್ಭ ನಿಂತ ಕೂಡಲೇ ಆರೇಳು ವಾರಕ್ಕೆ ಸ್ಕ್ಯಾನ್ ಮಾಡಿಸಲು ಹೇಳಿ.

ಏನು ತೆಗೆದಿದ್ದಾರೆ, ಏನು ಉಳಿಸಿದ್ದಾರೆ ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಸಾದಾ ಮಾತಿನಲ್ಲಿ ಹೇಳಿ, ಚಿತ್ರ ಬಿಡಿಸಿ ತೋರಿಸಿ. ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಹಾರ್ಮೋನು ನಿಲ್ಲುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯ ತೆಗೆದಿದ್ದರೆ ಕೆಲವೇ ದಿನಗಳಲ್ಲಿ ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು ಶುರುವಾಗುತ್ತದೆ. ಇದನ್ನು ಜ್ವರ ಎಂದುಕೊಂಡು ಬರುವವರಿದ್ದಾರೆ. ಥರ್ಮಾಮೀಟರ್ ಇಟ್ಟು ನೋಡಲು ಹೇಳಿ. ಅಂಥವರಿಗೆ ಹಾರ್ಮೋನ್ ಚಿಕಿತ್ಸೆ ಬೇಕೇ, ಅಡ್ಡಿಯಿದೆಯೇ ಎಂಬ ನಿರ್ಧಾರ ಡಿಸ್ಚಾರ್ಜಿಗೆ ಮೊದಲೇ ಆಗಿರಲಿ. ಗರ್ಭಕಂಠ ಉಳಿಸಿದ್ದರೆ ತಿಂಗಳಿಗೊಮ್ಮೆ ಸಣ್ಣ ಕಲೆ ಕಾಣಬಹುದು, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಮುಂದುವರಿಯಬೇಕು.

ಬಯಾಪ್ಸಿ ವರದಿ ಯಾವಾಗ ಬರುತ್ತದೆ, ಯಾರು ನೋಡಿ ಯಾರಿಗೆ ತಿಳಿಸುತ್ತಾರೆ ಎಂಬುದನ್ನು ಬರೆದುಕೊಡಿ. "ಏನೂ ತಿಳಿಸಲಿಲ್ಲ ಎಂದರೆ ಎಲ್ಲ ಸರಿ" ಎಂಬ ಲೆಕ್ಕ ಬೇಡ. ವರದಿ ಕೈಗೆ ಬರುವವರೆಗೆ ಕೇಳುತ್ತಿರಲು ಹೇಳಿ. ಹಾಗೆಯೇ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಸಕ್ಕರೆ, ಬಿ.ಪಿ., ರಕ್ತ ತೆಳು ಮಾಡುವ ಮಾತ್ರೆಗಳನ್ನು ಯಾವ ದಿನದಿಂದ ಮತ್ತೆ ಶುರು ಮಾಡಬೇಕು ಎಂಬುದಕ್ಕೆ "ವೈದ್ಯರ ಸಲಹೆಯಂತೆ" ಎಂದಲ್ಲ, ದಿನಾಂಕವೇ ಇರಬೇಕು.

ಕೊನೆಗೆ, ಫೋನ್. ಕಳಿಸಿದ 24ರಿಂದ 72 ಗಂಟೆಯೊಳಗೆ ವಾರ್ಡಿನಿಂದ ನೀವೇ ಒಂದು ಕರೆ ಮಾಡಿದರೆ ತಡವಾಗಿ ಬರುವವರನ್ನು ಬೇಗ ಹಿಡಿಯಬಹುದು. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೇನೆ" ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಿ: ನಿನ್ನೆಗಿಂತ ನೋವು ಕಡಿಮೆಯೋ ಹೆಚ್ಚೋ? ಇವತ್ತು ಏನು ತಿಂದಿರಿ, ಒಳಗೆ ನಿಂತಿತೇ? ಒಂದು ಸಲಕ್ಕೆ ಮೂತ್ರ ಧಾರಾಳವಾಗಿ ಹೋಗುತ್ತಿದೆಯೇ, ಹನಿಹನಿಯೇ? ಬೆಳಿಗ್ಗೆಯಿಂದ ಎಷ್ಟು ಪ್ಯಾಡ್ ಬದಲಿಸಿದಿರಿ? ಮಲ ಯಾವಾಗ ಹೋಯಿತು? ಕೊನೆಯ ಮಾತ್ರೆ ಎಷ್ಟು ಗಂಟೆಗೆ, ಯಾವುದು? ಉತ್ತರಗಳನ್ನು ಸಮಯ ಹಾಕಿ ಕೇಸ್‌ಶೀಟಿನಲ್ಲೇ ಬರೆಯಿರಿ. ರಾತ್ರಿ ಪಾಳಿಯವರಿಗೆ ಆಕೆಯಿಂದ ಮತ್ತೆ ಫೋನ್ ಬಂದಾಗ, ಬೆಳಿಗ್ಗೆ ಹೇಗಿದ್ದಳು ಎಂಬುದು ಗೊತ್ತಿದ್ದರಷ್ಟೇ ಈಗ ಕೆಟ್ಟಿದೆಯೋ ಇಲ್ಲವೋ ಹೇಳಲು ಬರುವುದು.